ಕಡಪ ಕಲ್ಲಿನ ಮೇಲೆ ಗುಂಡನ ನಿದ್ದೆ

ನಮ್ಮ ನಾಯಿ ಗುಂಡ ಮನೆಗೆ ಬಂದ ಹೊಸದರಲ್ಲಿ ನನ್ನ ಚಪ್ಪಲಿಯ ಮೇಲೆ ಗದ್ದ ಊರಿ ಮಲಗುತ್ತಿದ್ದ. ಚಪ್ಪಲಿ ಸಿಗದ ದಿನ ಹೊಸ್ತಿಲ ಮೇಲೆ. ಅದೂ ಆಗದಿದ್ದರೆ ಮಂಚದ ಕಾಲಿಗೆ ಒರಗಿ, ಕೂತಲ್ಲೇ ತೂಕಡಿಸುತ್ತಿದ್ದ. ತಲೆ ಜೋತು ಕೆಳಗೆ ಬೀಳುವಷ್ಟರಲ್ಲಿ ಬೆಚ್ಚಿ ಏಳುತ್ತಿದ್ದ. ಮತ್ತೆ ತೂಕಡಿಕೆ. ಮತ್ತೆ ಬೆಚ್ಚುವುದು. ನಾವೆಲ್ಲ ನೋಡಿ ನಗುತ್ತಿದ್ದೆವು. "ನಿನ್ನ ಮೇಲೆ ಎಷ್ಟು ಜೀವ ನೋಡು, ಚಪ್ಪಲಿ ಕೂಡ ಬಿಡೋದಿಲ್ಲ" ಅನ್ನುತ್ತಿದ್ದಳು ಅಮ್ಮ. ನಾನು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೆ. ಅವನು ಉಸಿರಿಗೆ ದಾರಿ ಹುಡುಕುತ್ತಿದ್ದ ಅಂತ ಗೊತ್ತಾಗಲು ನನಗೆ ಒಂದು ಪೂರ್ತಿ ಬೇಸಿಗೆ ಬೇಕಾಯಿತು.

ಗುಂಡ ಪಗ್ ಜಾತಿಯವನು, ಚಪ್ಪಟೆ ಮೂತಿಯವನು. ನಮ್ಮ ಓಣಿಯಲ್ಲಿ ಇವತ್ತಿಗೂ ಯಾರೂ ಪಗ್ ಅನ್ನುವುದಿಲ್ಲ, "ಹಚ್ ನಾಯಿ" ಅಂತಲೇ ಕರೆಯುತ್ತಾರೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಹಿಂದೆಯೇ ಹೋಗುವ ಪಗ್ ಬಂತಲ್ವಾ, ಅಲ್ಲಿಂದ ಶುರು. ಕಂಪನಿ ಆಮೇಲೆ ವೊಡಾಫೋನ್ ಆಯಿತು. ನಾಯಿಗೆ ಅಂಟಿದ ಹೆಸರು ಮಾತ್ರ ಹೋಗಲಿಲ್ಲ. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಅವತ್ತು ಹುಟ್ಟಿದ ಆಸೆ 15 ವರ್ಷ ಕಳೆದ ಮೇಲೆ ತೀರಿತು. ಆ ಜಾಹೀರಾತಿನ ತುಂಬ ಹಸಿರು, ನೆರಳು. ಅದೇ ನಾಯಿ ಬಳ್ಳಾರಿಯ ಮೇ ತಿಂಗಳಲ್ಲಿ ಹೇಗೆ ಮಲಗುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಬಳ್ಳಾರಿಯನ್ನು ನೋಡದವರಿಗೆ ಹೇಳಬೇಕು. ಊರ ನಡುವೆ ಬೋಳು ಬಂಡೆಯ ಗುಡ್ಡ, ಅದರ ಮೇಲೆ ಕೋಟೆ. ಬೇಸಿಗೆಯಲ್ಲಿ ಹಗಲು 40 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಬಂಡೆ ಹಗಲೆಲ್ಲ ಕಾದು, ಕುಡಿದ ಬಿಸಿಲನ್ನು ರಾತ್ರಿ ವಾಪಸ್ ಬಿಡುತ್ತದೆ. ನಮ್ಮ ಮನೆಯ ತಾರಸಿಯದೂ ಅದೇ ಕತೆ. ನಾವಿರುವುದು ಮೇಲಿನ ಮಹಡಿ. ರಾತ್ರಿ 10 ಗಂಟೆಗೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟರೆ, ಈಗಷ್ಟೇ ಒಲೆಯಿಂದ ಇಳಿಸಿದ ಹೆಂಚು ಆರುತ್ತಿದೆಯೇನೋ ಅನಿಸುತ್ತದೆ. ಹೊರಗೆ ತಂಪು ಗಾಳಿ ಶುರುವಾದರೂ ಒಳಗಿನ ಧಗೆ ನಡುರಾತ್ರಿ ದಾಟುವವರೆಗೆ ಇಳಿಯುವುದಿಲ್ಲ.

ಅವನ ಮೊದಲ ಬೇಸಿಗೆಯ ಮೇ ತಿಂಗಳ ಒಂದು ರಾತ್ರಿ. ಮೋಡ ಕವಿದಿತ್ತು, ಒಂದೆಲೆ ಅಲುಗುತ್ತಿರಲಿಲ್ಲ. ಮನೆಗೆ ನೆಂಟರ ಮಕ್ಕಳು ಬಂದಿದ್ದರು. ಗುಂಡ ಅವರ ಜೊತೆ ಜಾಸ್ತಿ ಹೊತ್ತು ಓಡಾಡಿದ. 10 ಗಂಟೆಗೆ ಹೊಟ್ಟೆ ಬಿರಿಯುವಷ್ಟು ಊಟ ಹಾಕಿದೆವು. 10:30ಕ್ಕೆ ಕರೆಂಟ್ ಹೋಯಿತು. ಅವನು ತೇಕಲು ಶುರು ಮಾಡಿದ. ದಿನಾ ತೇಕುತ್ತಾನಲ್ಲ ಅಂದುಕೊಂಡೆವು. ಆದರೆ ಅವತ್ತು ಸದ್ದು ಬೇರೆ ಇತ್ತು. ಗರಗಸ ಎಳೆದ ಹಾಗೆ. ಟಾರ್ಚ್ ಹಾಕಿ ನೋಡಿದರೆ ನಾಲಿಗೆ ಸೌಟಿನ ಹಾಗೆ ಅಗಲವಾಗಿ ಹೊರಗೆ ಚಾಚಿತ್ತು. ಬಣ್ಣ ನೇರಳೆ ಹಣ್ಣಿನದು. ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು. ಎದ್ದು ನಿಲ್ಲಲು ಹೋಗಿ ಹಿಂಗಾಲು ಸೋತು ಕೂತುಬಿಟ್ಟ.

ಬಚ್ಚಲಿಗೆ ಎತ್ತಿಕೊಂಡು ಓಡಿದೆ. ನಲ್ಲಿ ತಿರುಗಿಸಿದರೆ ಬಂದದ್ದು ಬಿಸಿನೀರು. ಹೌದು, ರಾತ್ರಿ 11ಕ್ಕೆ ತಾರಸಿ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಕಡೆ "ಬೆಳಗ್ಗೆ ಬನ್ನಿ" ಅಂದರು. ಕೊನೆಗೆ ಗೆಳತಿಯ ಅಣ್ಣನಿಗೆ ಮಾಡಿದೆ. ಅವರು ಬೇರೆ ಜಿಲ್ಲೆಯಲ್ಲಿ ದನದ ಡಾಕ್ಟರ್. ನಿದ್ದೆಯಿಂದ ಎದ್ದವರು ನನ್ನ ಮಾತು ಅರ್ಧ ಕೇಳಿ ಕೇಳಿದ್ದು ಒಂದೇ ಪ್ರಶ್ನೆ: "ಮೈ ಮೇಲೆ ಟವೆಲ್ ಹೊದಿಸಿದ್ದೀಯಾ?" ಹೌದು, ಒದ್ದೆ ಟವೆಲ್ ಸುತ್ತಿದ್ದೆ. "ಮೊದಲು ಅದನ್ನ ತೆಗಿ. ಶಾಖ ಒಳಗೇ ಸಿಕ್ಕಿಕೊಳ್ಳುತ್ತೆ. ಮೈ ಮೇಲೆ ನೀರು ಸುರಿ, ಗಾಳಿ ಹಾಕು. ಮುಖಕ್ಕೆ ಬೇಡ. ಮೊದಲು ತಣ್ಣಗೆ ಮಾಡು, ಆಮೇಲೆ ಗಾಡಿ ಹತ್ತಿಸು."

ಕುಡಿಯುವ ಮಡಕೆಯ ನೀರನ್ನೆಲ್ಲ ಅವನ ಹೊಟ್ಟೆ, ಕಂಕುಳು, ತೊಡೆಯ ಸಂದಿಗೆ ಚೆಂಬಿನಿಂದ ಸುರಿದೆ. ಅಮ್ಮ ಅಡುಗೆಮನೆಯಿಂದ ಮೊರ ತಂದು ಬೀಸಿದಳು. ಅಕ್ಕಿ ಕೇರುವ ಮೊರ. ಅವಳ ಕೈಬಳೆ ಸದ್ದು, ಅವನ ಗರಗಸದ ಉಸಿರು, ಕತ್ತಲು. 20 ನಿಮಿಷ ಆದಮೇಲೆ ನಾಲಿಗೆಯ ಬಣ್ಣ ತಿರುಗಿತು. ಆಮೇಲೆ ಗಾಡಿ ಮಾಡಿಕೊಂಡು ಗೆಳತಿಯ ಅಣ್ಣ ಹೇಳಿದ ಡಾಕ್ಟರ ಮನೆಗೆ ಹೋದೆವು. ಅಲ್ಲಿ ಥರ್ಮಾಮೀಟರ್ ಇಟ್ಟಾಗಲೂ 105 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ 101ರಿಂದ 102.5 ಇರಬೇಕಾದದ್ದು. ನೀರು ಸುರಿಯುವ ಮುಂಚೆ ಎಷ್ಟಿತ್ತೋ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಮೊದಲು ತಂಪು, ಆಮೇಲೆ ಪ್ರಯಾಣ ಅನ್ನುವುದು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರೂ ಒತ್ತಿ ಹೇಳುವ ಮಾತು ಅಂತ ಆಮೇಲೆ ಓದಿದೆ. ನೀರು ಐಸಿನಷ್ಟು ತಣ್ಣಗಿರಬೇಕು ಅಂತೇನೂ ಇಲ್ಲ. ನಾಯಿಯ ಮೈಗಿಂತ ತಣ್ಣಗಿದ್ದರೆ ಸಾಕು. ಅದನ್ನು ಓದಿದ ದಿನದಿಂದ ಮಾರ್ಚ್ ಬಂತೆಂದರೆ ನಮ್ಮ ಬಚ್ಚಲಲ್ಲಿ 2 ಬಕೆಟ್ ನೀರು ಬೆಳಗಿನ ಜಾವವೇ ತುಂಬಿ, ಮುಚ್ಚಳ ಹಾಕಿ ಇಟ್ಟಿರುತ್ತೇವೆ. ಅದನ್ನು ಬೇರೆ ಯಾವುದಕ್ಕೂ ಯಾರೂ ಮುಟ್ಟುವ ಹಾಗಿಲ್ಲ.

ಮಾರನೇ ದಿನ ಡಾಕ್ಟರು ಗುಂಡನ ಮೂತಿ ಹಿಡಿದು ತೋರಿಸಿದರು. ಹೊಳ್ಳೆ ಅಂತ ನಾನು ತಿಳಿದಿದ್ದದ್ದು ಬರೀ ಒಂದು ಸೀಳು. ಅಕ್ಕಿಕಾಳು ಅಡ್ಡ ಇಟ್ಟಷ್ಟು. ಉಸಿರು ಎಳೆದಾಗ ಅದೂ ಒಳಗೆ ಮಡಚಿ ಮುಚ್ಚಿಕೊಳ್ಳುತ್ತಿತ್ತು. "ಮನೆ ಚಿಕ್ಕದು ಮಾಡಿದಾರೆ, ಸಾಮಾನು ಹಾಗೇ ಬಿಟ್ಟಿದಾರೆ" ಅಂದರು. ನೂರಾರು ವರ್ಷ ಮೂತಿ ಗಿಡ್ಡ ಇರುವ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ ಎಲುಬು ಕುಗ್ಗಿತು. ನಾಲಿಗೆ, ಅಂಗುಳಿನ ಹಿಂದಿನ ಮೆತ್ತನೆ ಮಾಂಸ ಅಷ್ಟಾಗಿ ಕುಗ್ಗಲಿಲ್ಲ. ಅವೆಲ್ಲ ಹಿಂದಕ್ಕೆ ಸರಿದು ಗಂಟಲನ್ನು ತುಂಬಿಕೊಂಡಿವೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು, ಅಷ್ಟೇ. ಶಾಖ ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ಉಸಿರು. ಉದ್ದ ಮೂಗಿನ ಒಳಗೆ ಸುರುಳಿ ಸುರುಳಿಯಾಗಿ ತೆಳು ಎಲುಬುಗಳಿರುತ್ತವೆ, ಅವುಗಳ ಮೇಲೆ ಒದ್ದೆ ಪೊರೆ. ಗಾಳಿ ಅದರ ಮೇಲೆ ಹಾದು ಹೋಗುವಾಗ ತೇವ ಆರಿ ರಕ್ತ ತಂಪಾಗುತ್ತದೆ. ಬಾಗಲಕೋಟೆ ಕಡೆಯ ನಮ್ಮ ನೆಂಟರ ಮನೆಯಲ್ಲಿ ಮುಧೋಳ ನಾಯಿ ಇದೆ. ಅದರ ಮೂತಿ ಗೇಣುದ್ದ. ಮೇ ತಿಂಗಳ ಮಧ್ಯಾಹ್ನ ಬೇವಿನ ನೆರಳಲ್ಲಿ ಬಾಯಿ ಮುಚ್ಚಿ ಮಲಗಿದ್ದನ್ನು ನೋಡಿದ್ದೇನೆ. ಅದೇ ಹೊತ್ತಿಗೆ ಗುಂಡ ನಮ್ಮ ಕೋಣೆಯಲ್ಲಿ ಫ್ಯಾನ್ ಕೆಳಗೆ ತೇಕುತ್ತಿರುತ್ತಾನೆ. ತೇಕುವುದೂ ಕೆಲಸವೇ ತಾನೇ? ಕಿರಿದಾದ ದಾರಿಯಲ್ಲಿ ಗಾಳಿ ಎಳೆಯಲು ಸ್ನಾಯು ದುಡಿಯಬೇಕು, ದುಡಿದರೆ ಇನ್ನಷ್ಟು ಶಾಖ. ಗಂಟಲು ಬಾತುಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಆ ರಾತ್ರಿ ಅವನಿಗೆ ಆದದ್ದು ಇದೇ.

ನಿದ್ದೆಯಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ನಿದ್ದೆ ಹತ್ತಿದ ಕೂಡಲೇ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗುಳಿನ ಮಾಂಸ ಜೋತು ದಾರಿ ಮುಚ್ಚುತ್ತದೆ. ಉಸಿರು ಒಂದು ಕ್ಷಣ ನಿಲ್ಲುತ್ತದೆ, ನಾಯಿ ಬೆಚ್ಚಿ ಏಳುತ್ತದೆ. ಮನುಷ್ಯರಲ್ಲಿ ಸ್ಲೀಪ್ ಆಪ್ನಿಯಾ ಅಂತ ಕರೆಯುತ್ತಾರಲ್ಲ, ಅದೇ. 1987ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಯಿಲೆಯನ್ನು ಅಭ್ಯಾಸ ಮಾಡಲು ಇಂಗ್ಲಿಷ್ ಬುಲ್‌ಡಾಗ್ ನಾಯಿಯನ್ನೇ ಮಾದರಿಯಾಗಿ ತೋರಿಸಿದರು. ಕೃತಕವಾಗಿ ಕಾಯಿಲೆ ಬರಿಸುವ ಅಗತ್ಯವೇ ಇರಲಿಲ್ಲ, ಹುಟ್ಟುತ್ತಲೇ ಬಂದಿತ್ತು. ಅದನ್ನು ಓದಿದಾಗ ಚಪ್ಪಲಿಯ ಗುಟ್ಟು ಬಯಲಾಯಿತು. ಗದ್ದ ಸ್ವಲ್ಪ ಎತ್ತರದಲ್ಲಿದ್ದರೆ ಕತ್ತು ನೆಟ್ಟಗಾಗಿ ಗಂಟಲ ದಾರಿ ತೆರೆದಿರುತ್ತದೆ. ಕೆಲವು ನಾಯಿಗಳು ಬಾಯಲ್ಲಿ ಆಟಿಕೆ ಕಚ್ಚಿಕೊಂಡೇ ಮಲಗುವುದೂ ಬಾಯಿ ತೆರೆದಿರಲಿ ಅಂತಲೇ. ನಾನು ಕಳಿಸಿದ ಆ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಪ್ರತಿ ಫೋಟೋದಲ್ಲೂ ಅವನು ನನಗೆ ಹೇಳುತ್ತಲೇ ಇದ್ದ.

ಅವನ ಹಾಸಿಗೆ ಅಂತ ನಾವು ಮಾಡಿಸಿದ್ದು ಜೀನ್ಸ್ ಚಿಂದಿಯ ದಿಂಬು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ, ಕೌಲ್ ಬಜಾರಿನಲ್ಲಿ ಚಿಂದಿ ಚೀಲಗಟ್ಟಲೆ ಸಿಗುತ್ತದೆ. ಮೆತ್ತಗೆ, ದಪ್ಪಗೆ, ಚಂದವಾಗಿತ್ತು. ಬೇಸಿಗೆಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದನ್ನು ಅಟ್ಟಕ್ಕೆ ಹಾಕಿ, ಕಲ್ಲಿನ ಅಂಗಡಿಯಿಂದ ಒಂದು ಕಡಪ ಕಲ್ಲು ತಂದೆವು. ಮೂರಡಿ ಉದ್ದ, ಎರಡಡಿ ಅಗಲ. ಅಡುಗೆಮನೆ ಕಟ್ಟೆಗೆ ಹಾಕುವ ಅದೇ ಕರಿಕಲ್ಲು. ಅಂಚು ಉಜ್ಜಿಸಿದೆವು. ನಾಲ್ಕು ಮೂಲೆಗೆ ಅರ್ಧ ಇಟ್ಟಿಗೆ ಇಟ್ಟು ಮೇಲೆತ್ತಿದೆವು, ಕೆಳಗೂ ಗಾಳಿ ಆಡಲಿ ಅಂತ. ಬಿಸಿಲು ತಾಕದ ಮೂಲೆ ಹುಡುಕಿ ಅಲ್ಲಿಟ್ಟೆವು.

ಕಲ್ಲು ಒಂದು ಹೊತ್ತಿನವರೆಗೆ ಮೈ ಶಾಖ ಎಳೆದುಕೊಳ್ಳುತ್ತದೆ, ಆಮೇಲೆ ತಾನೇ ಬೆಚ್ಚಗಾಗುತ್ತದೆ. ಅದಕ್ಕೇ ಎರಡು ನಾಯಿ ಮಲಗುವಷ್ಟು ಅಗಲ ಇರಬೇಕು. ಒಂದು ಬದಿ ಬೆಚ್ಚಗಾದ ಕೂಡಲೇ ಗುಂಡ ಎದ್ದು ಇನ್ನೊಂದು ಬದಿಗೆ ಹೋಗುತ್ತಾನೆ. ಹೊಟ್ಟೆ ಪೂರ್ತಿ ಕಲ್ಲಿಗೆ ಒತ್ತಿ, ಹಿಂಗಾಲು ಎರಡೂ ಕಪ್ಪೆಯ ಹಾಗೆ ಹಿಂದಕ್ಕೆ ಚಾಚಿ. ಹೊಟ್ಟೆಯ ಕೆಳಗೆ ಕೂದಲು ಕಡಿಮೆ, ಶಾಖ ಬೇಗ ಇಳಿಯುವುದು ಅಲ್ಲಿಂದಲೇ. ಕಲ್ಲಿನ ಒಂದು ತುದಿಗೆ ಟವೆಲ್ ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಗದ್ದಕ್ಕೆ ದಿಂಬು ಮಾಡಿಟ್ಟೆ. ಹೆಚ್ಚೆಂದರೆ ಮೂರು ಬೆರಳು ಎತ್ತರ. ಇನ್ನೊಂದು ಪಕ್ಕಕ್ಕೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ, ಬಟ್ಟೆ ಸುತ್ತಿ. ಬೇಕಾದರೆ ಒರಗುತ್ತಾನೆ, ಬೇಡವಾದರೆ ದೂರ ಹೋಗುತ್ತಾನೆ. ಆ ಆಯ್ಕೆ ಅವನಿಗೆ ಬಿಡಬೇಕು. ಚಿಕ್ಕ ಗೂಡಿನಲ್ಲಿ ಕೂಡಿ ಹಾಕಿ ತಂಪು ಮಾಡುತ್ತೇನೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಫ್ಯಾನ್ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಫ್ಯಾನ್ ಗಾಳಿ ನಮಗೆ ಹಿತ, ಯಾಕೆಂದರೆ ಅದು ನಮ್ಮ ಬೆವರನ್ನು ಆರಿಸುತ್ತದೆ. ಮೈ ಬೆವರದ ನಾಯಿಗೆ ಅದರಿಂದ ಸಿಗುವ ಲಾಭ ಕಡಿಮೆ. ಹಾಗಾಗಿ ಬೆವರನ್ನು ನಾವೇ ಕೊಡಬೇಕು. ಮಲಗುವ ಮುಂಚೆ ಅಂಗೈ ಒದ್ದೆ ಮಾಡಿ ಅವನ ಹೊಟ್ಟೆ, ಕಂಕುಳು, ಪಾದದಡಿ ನೀವುತ್ತೇನೆ. ಕೂದಲ ಮೇಲೆ ಸುಮ್ನೆ ನೀರು ಚಿಮುಕಿಸಿದರೆ ಆಗಲ್ಲ, ಚರ್ಮಕ್ಕೆ ತಾಕಬೇಕು. ಆಮೇಲೆ ಟೇಬಲ್ ಫ್ಯಾನನ್ನು ನೆಲಮಟ್ಟದಲ್ಲಿ ಇಟ್ಟು ಹಾಕುತ್ತೇನೆ. ಐದೇ ನಿಮಿಷದಲ್ಲಿ ತೇಕುವುದು ನಿಲ್ಲುತ್ತದೆ. ಬಾಯಿ ಮುಚ್ಚುತ್ತದೆ. ಆ ಬಾಯಿ ಮುಚ್ಚುವ ಗಳಿಗೆಗಾಗಿ ನಾನು ಕಾಯುತ್ತೇನೆ.

ಕೂಲರ್ ಬಳ್ಳಾರಿಗೆ ದೇವರು ಕೊಟ್ಟ ಹಾಗೆ. ಒಣಗಾಳಿ ನೀರು ಕುಡಿದು ತಂಪಾಗುತ್ತದೆ. ಆದರೆ ಒಂದು ಕಿಟಕಿ ತೆರೆದಿರಲೇಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಗಾಳಿಯಲ್ಲಿ ತೇವ ತುಂಬಿ, ನಾಲಿಗೆಯ ನೀರು ಆರುವುದೇ ಇಲ್ಲ. ನಾಯಿ ಎಷ್ಟು ತೇಕಿದರೂ ತಂಪಾಗುವುದಿಲ್ಲ. ಇದೇ ಕಾರಣಕ್ಕೆ ಮಂಗಳೂರಿನಲ್ಲಿರುವ ನನ್ನ ತಂಗಿಗೆ ನನ್ನ ಉಪಾಯ ಒಂದೂ ಕೆಲಸಕ್ಕೆ ಬರಲಿಲ್ಲ. ಅವಳ ಹತ್ತಿರ ಶಿಟ್ಸು ಇದೆ, ಅದೂ ಚಪ್ಪಟೆ ಮೂಗಿನದೇ. ಕರಾವಳಿಯಲ್ಲಿ ಉಷ್ಣಾಂಶ ನಮಗಿಂತ ಕಡಿಮೆ, ಆದರೆ ಗಾಳಿ ಮೊದಲೇ ಒದ್ದೆ. ಅವಳು ಎಸಿಯಲ್ಲೇ ತೇವ ತೆಗೆಯುವ ಬಟನ್ ಒತ್ತಿ ಮಲಗಿಸುತ್ತಾಳೆ.

ನಮ್ಮಲ್ಲೂ ಹೆದರಬೇಕಾದದ್ದು 42 ಡಿಗ್ರಿಯ ಒಣ ದಿನಕ್ಕಲ್ಲ ಅಂತ ನನ್ನ ಅನುಭವ. ಮೇ ಕೊನೆಗೆ ಮೋಡ ಕವಿದು ಮಳೆ ಬಾರದೆ ಕುದಿಸುವ ರಾತ್ರಿಗಳಿಗೆ. ಥರ್ಮಾಮೀಟರ್ 3 ಡಿಗ್ರಿ ಕಡಿಮೆ ತೋರಿಸುತ್ತದೆ, ಎಲ್ಲರೂ ಅಬ್ಬಾ ಅನ್ನುತ್ತಾರೆ. ಕೂಲರ್ ಸೋಲುವುದು, ಗುಂಡ ಸೋಲುವುದು ಅವತ್ತೇ. ಅಂಥ ರಾತ್ರಿ ಮಾತ್ರ ನಾವು ಎಸಿ ಹಾಕುತ್ತೇವೆ, 26ಕ್ಕೆ. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ಫ್ಯಾನ್ ಓಡುತ್ತದೆ, ಬಕೆಟ್ ನೀರು ಇದ್ದೇ ಇದೆ, ಮೊರ ಬಾಗಿಲ ಹಿಂದೆ ನೇತಾಡುತ್ತಿದೆ.

ತಾರಸಿಗೆ ಪ್ರತಿ ಫೆಬ್ರುವರಿಯಲ್ಲಿ ಸುಣ್ಣ ಬಳಿಯುತ್ತೇವೆ, ಅಂಟು ಬೆರೆಸಿ, ಎರಡು ಕೈ. ಸೀಲಿಂಗ್ ಮುಟ್ಟಿದರೆ ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತದೆ. ನಾಯಿಗಾಗಿ ಶುರು ಮಾಡಿದ್ದು, ಈಗ ಅಪ್ಪನಿಗೂ ಅದರಿಂದ ನಿದ್ದೆ ಬರುತ್ತಿದೆ.

ಇದೆಲ್ಲ ರಾತ್ರಿಯ ಕೆಲಸ. ರಾತ್ರಿಯ ನಿದ್ದೆಯ ಅರ್ಧ ಪಾಲು ಹಗಲಿನಲ್ಲೇ ತೀರ್ಮಾನವಾಗಿರುತ್ತದೆ ಅಂತ ಅರ್ಥವಾಗಲು ನನಗೆ ತಡವಾಯಿತು. ಗುಂಡ ಆಗ 11 ಕಿಲೋ ಇದ್ದ. ಪಗ್ ಇರಬೇಕಾದದ್ದು 6ರಿಂದ 8 ಕಿಲೋ. ಕತ್ತಿನ ಸುತ್ತಲಿನ ಕೊಬ್ಬು ಗಂಟಲನ್ನು ಹೊರಗಿನಿಂದ ಒತ್ತುತ್ತದೆ, ಎದೆಯ ಕೊಬ್ಬು ಉಸಿರಿಗೆ ಭಾರ. ಚಪಾತಿ ತುಂಡು, ಬಿಸ್ಕತ್ತು, ಪ್ರೀತಿಯಿಂದ ಕೊಟ್ಟ ಮಂಡಕ್ಕಿ, ಎಲ್ಲ ನಿಂತಿತು. ಅಮ್ಮನಿಗೆ ಇದು ಬಹಳ ಕಷ್ಟವಾಯಿತು. ಉಪಾಯ ಹುಡುಕಿದೆವು. ಸೌತೆಕಾಯಿ ಹೋಳು, ಬೀಜ ತೆಗೆದ ಕಲ್ಲಂಗಡಿ ಚೂರು ಕೊಟ್ಟರೆ ಅವಳ ಕೈಗೂ ಸಮಾಧಾನ, ಅವನ ಬಾಯಿಗೂ. ಸಂಜೆಯ ಊಟ 6:30ಕ್ಕೆ ಮುಗಿಯಬೇಕು. ತುಂಬಿದ ಹೊಟ್ಟೆ ಎದೆಯನ್ನು ಮೇಲಕ್ಕೆ ಒತ್ತುತ್ತದಲ್ಲ. 9 ತಿಂಗಳಲ್ಲಿ 8.4 ಕಿಲೋಗೆ ಇಳಿದ. ಆ ವರ್ಷ ಮಾಡಿದ್ದರಲ್ಲಿ ಯಾವುದು ಹೆಚ್ಚು ಉಪಯೋಗವಾಯಿತು ಅಂತ ಕೇಳಿದರೆ ನಾನು ಕಲ್ಲು, ಕೂಲರ್ ಎರಡನ್ನೂ ಬಿಟ್ಟು ಇದನ್ನೇ ಹೇಳುತ್ತೇನೆ.

ವಾಕಿಂಗ್ ಬೆಳಗ್ಗೆ 5:30ಕ್ಕೆ. ಸಂಜೆ ಡಾಂಬರು ರಸ್ತೆಗೆ ಅಂಗೈ ಹಿಂಭಾಗ ಇಟ್ಟು 7 ಎಣಿಸುವವರೆಗೆ ತಡೆಯಲಾಗದಿದ್ದರೆ ಅವತ್ತು ಹೊರಗಿಲ್ಲ. ಕತ್ತಿನ ಪಟ್ಟಿ ಹೋಯಿತು, ಎದೆಗೆ ಹಾಕುವ ಪಟ್ಟಿ ಬಂತು. ರಾತ್ರಿ ಅದೂ ಇಲ್ಲ. ಮುಖದ ಮಡಿಕೆಗಳನ್ನು ಒಣಬಟ್ಟೆಯಿಂದ ಒರೆಸಿ ಮಲಗಿಸಬೇಕು, ಕೂಲರ್ ತೇವಕ್ಕೆ ಅಲ್ಲಿ ಬೇಗ ಹುಣ್ಣಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗೊರಕೆ ನಿಲ್ಲಲಿಲ್ಲ. ಡಾಕ್ಟರು ಅವನನ್ನು 3 ನಿಮಿಷ ಚುರುಕಾಗಿ ನಡೆಸಿ, ಮುಂಚೆ ಮತ್ತು ಆಮೇಲೆ ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದವರು ರೂಪಿಸಿದ ಪರೀಕ್ಷೆಯಂತೆ, 0ಯಿಂದ 3ರವರೆಗೆ ದರ್ಜೆ, 3 ಅಂದರೆ ತೀರ ಕೆಟ್ಟದ್ದು. ಗುಂಡನದು 2. ಆಪರೇಷನ್ ಬೇಕು ಅಂದರು. ಹೊಳ್ಳೆ ಅಗಲ ಮಾಡುವುದು, ಅಂಗುಳಿನ ಹೆಚ್ಚಿನ ಮಾಂಸ ಕತ್ತರಿಸುವುದು. ಇಂಥ ನಾಯಿಗಳಿಗೆ ಅರಿವಳಿಕೆಯೇ ಅಪಾಯ, ಎಚ್ಚರವಾಗುವ ಹೊತ್ತಿನಲ್ಲಿ ಜಾಸ್ತಿ. ನಾನು ಎರಡು ತಿಂಗಳು ಹಿಂದೆ ಮುಂದೆ ನೋಡಿದೆ. ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಾಡಿಸಿದೆವು.

ಊರಿಗೆ ವಾಪಸ್ ಬಂದು ಕೆಲವು ದಿನ ಕಳೆದಿತ್ತು. ರಾತ್ರಿ 2 ಗಂಟೆಗೆ ನನಗೆ ಥಟ್ಟನೆ ಎಚ್ಚರವಾಯಿತು. ಕೋಣೆಯಲ್ಲಿ ಸದ್ದೇ ಇಲ್ಲ. ಎದೆ ಧಸಕ್ಕೆಂದಿತು. ಮೊಬೈಲ್ ಬೆಳಕು ಹಿಡಿದು ಹತ್ತಿರ ಹೋದೆ. ಪಕ್ಕಕ್ಕೆ ಮಲಗಿದ್ದ, ಕಾಲು ನಾಲ್ಕೂ ಚಾಚಿ. ಬಾಯಿ ಮುಚ್ಚಿತ್ತು. ಪಕ್ಕೆ ಏರಿ ಇಳಿಯುತ್ತಿತ್ತು. 15 ಸೆಕೆಂಡ್ ಎಣಿಸಿದೆ, 5 ಉಸಿರು. ನಿಮಿಷಕ್ಕೆ 20. ನಿದ್ದೆಯಲ್ಲಿರುವ ನಾಯಿಗೆ 30ರ ಒಳಗಿರಬೇಕು. ನಂಬಲಾಗದೆ ಇನ್ನೊಮ್ಮೆ ಎಣಿಸಿದೆ. ಅವನು ಮೈಚಾಚಿ ಪಕ್ಕಕ್ಕೆ ಮಲಗಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನಿಗಾಗ ನಾಲ್ಕು ವರ್ಷ.

ಆಪರೇಷನ್‌ನಿಂದ ಎಲ್ಲ ಸರಿಹೋಗಿಲ್ಲ. ಮೂಗಿನ ಒಳಗಿನ ಇಕ್ಕಟ್ಟು ಇದ್ದೇ ಇದೆ, ಮೋಡದ ರಾತ್ರಿಗಳಲ್ಲಿ ಗೊರಕೆ ವಾಪಸ್ ಬರುತ್ತದೆ. ಈಗ ನಾನು ಆ ಸದ್ದಿಗೆ ಮುದ್ದು ಮಾಡುವುದಿಲ್ಲ, ಏಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ತಲೆಬುರುಡೆಯ ಮೂರನೇ ಒಂದು ಪಾಲಿಗಿಂತ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಮಾಡಿಸುವುದನ್ನು ತಡೆದಿದ್ದಾರೆ. ನಮ್ಮಲ್ಲೂ ಅಂಥದ್ದು ಬರಲಿ ಅಂತ ಮನಸಾರೆ ಬಯಸುತ್ತೇನೆ. ಗುಂಡನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ಅವನಂಥ ಇನ್ನೊಂದು ಮೂತಿ ಹುಟ್ಟಬಾರದು ಅಂತಲೂ ಬಯಸುತ್ತೇನೆ. ಎರಡೂ ನಿಜ.

ಹೋದ ವಾರ ಕೆಳಗಿನ ಮನೆಯವರು ಬಂದು, ಮಗನ ಹುಟ್ಟುಹಬ್ಬಕ್ಕೆ ಹಚ್ ನಾಯಿ ಮರಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಒಂದು ರಾತ್ರಿ ಇಲ್ಲೇ ಕೂತು ನೋಡಿ, ಆಮೇಲೆ ಹೇಳುತ್ತೇನೆ ಅಂದೆ. ಅಪ್ಪ ಮಗ ಇಬ್ಬರೂ ನಿಜವಾಗಿ ಬಂದರು. ಹುಡುಗ ಕಲ್ಲಿನ ಪಕ್ಕ ಮಂಡಿ ಮಡಚಿ ಕೂತ. ಒದ್ದೆ ಅಂಗೈಯಿಂದ ಹೊಟ್ಟೆ ನೀವುವುದು ಹೇಗೆ ಅಂತ ತೋರಿಸಿದೆ, ಅವನೂ ಮಾಡಿದ. 11 ಆಯಿತು. ಗುಂಡ ಎರಡು ಸಲ ಎದ್ದು ಕಲ್ಲಿನ ಬದಿ ಬದಲಿಸಿದ. "ದಿನಾ ಹೀಗೇನಾ?" ಅಂತ ಹುಡುಗ ಮೆಲ್ಲಗೆ ಕೇಳಿದ. ಮಾರ್ಚಿಂದ ಜೂನ್‌ವರೆಗೆ ದಿನಾ ಅಂದೆ. ಅವನು ಮತ್ತೆ ಕೈ ಒದ್ದೆ ಮಾಡಿಕೊಂಡ.

ಇವತ್ತು ಮೋಡ ಇದೆ. ಬಕೆಟ್ ತುಂಬಿವೆ. ಟವೆಲ್ ದಿಂಬನ್ನು ತೊಳೆದು ಒಣಹಾಕಿದ್ದು ಇನ್ನೂ ಆರಿಲ್ಲ, ಹಾಗಾಗಿ ಕಲ್ಲಿನ ತುದಿಗೆ ನನ್ನ ಹಳೇ ಚಪ್ಪಲಿಯನ್ನು ತೊಳೆದು ಇಟ್ಟಿದ್ದೇನೆ. ಗುಂಡ ಬಂದು, ಮೂಸಿ, ಗದ್ದ ಊರಿದ.